ಹೊಲಕ್ಕೆ ಮೃತ್ಯುಪತ್ರ, ಜೀವಕ್ಕೊಂದು ಮಾತು



ನಾನು ಕೌಜಲಗಿಯವನು. ಗೋಕಾಕ, ಮೂಡಲಗಿ ಸೀಮೆಯ ಹಿರಿಯರಿಗೆ ನಮ್ಮೂರಿನ ಹೆಸರು ಕೇಳಿದರೆ ಮೊದಲು ನೆನಪಾಗುವುದು ಶ್ರೀಕೃಷ್ಣ ಪಾರಿಜಾತ, ಆ ಆಟಕ್ಕೆ ದೊಡ್ಡ ಹೆಸರು ತಂದ ಕೌಜಲಗಿ ನಿಂಗಮ್ಮ. ಮಾತಿಗೆ ಬರವಿಲ್ಲದ ನಾಡು ನಮ್ಮದು. ಬೆಳಗಾಗುವತನಕ ಕುಳಿತು ಆಟ ನೋಡುತ್ತೇವೆ. ಕಟ್ಟೆಯ ಮೇಲೆ ಕೂತರೆ ಕಬ್ಬಿನ ದರದಿಂದ ಹಿಡಿದು ಕಾಲುವೆ ನೀರಿನತನಕ ಎಲ್ಲವನ್ನೂ ಮಾತಾಡುತ್ತೇವೆ. ಒಂದು ವಿಷಯ ಬಂದಾಗ ಮಾತ್ರ ‘ಬಿಡ್ತು ಅನ್ರಿ, ಹೊತ್ತು ಮುಳುಗೂ ಹೊತ್ತಿನ್ಯಾಗ ಎಂಥಾ ಮಾತು’ ಎಂದು ಒಬ್ಬರು ಇನ್ನೊಬ್ಬರ ಬಾಯಿ ಮುಚ್ಚಿಸುತ್ತೇವೆ. ಅದು ನಮ್ಮ ನಮ್ಮ ಕೊನೆಗಾಲದ ವಿಷಯ. ಇವತ್ತು ಅದನ್ನೇ ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ನಮ್ಮಲ್ಲಿ ಮೃತ್ಯುಪತ್ರ ಎನ್ನುವ ಶಬ್ದವನ್ನು ಕೇಳದವರಿಲ್ಲ. ಹೊಲ ಯಾರ ಪಾಲಿಗೆ, ಮನೆ ಯಾರ ಪಾಲಿಗೆ, ಬಾವಿಯ ನೀರು ಯಾರಿಗೆ ಎಷ್ಟು ದಿನ ಎಂದು ಹಿರಿಯರು ಬರೆಸಿಡುತ್ತಾರೆ. ಉತಾರದಲ್ಲಿ ಹೆಸರು ಸರಿಯಾಗಿ ಏರಿದೆಯೋ ಇಲ್ಲವೋ ಎಂದು ತಹಸೀಲ್ದಾರ ಕಚೇರಿಗೆ ಹತ್ತು ಸಲ ಅಲೆಯುತ್ತಾರೆ. ಆ ಹೊಲವನ್ನು ಉತ್ತ ಮೈ ಹಾಸಿಗೆ ಹಿಡಿದಾಗ ಏನು ಮಾಡಬೇಕು, ಎಲ್ಲಿ ಇಡಬೇಕು, ಯಾರು ಹೇಳಿದಂತೆ ನಡೆಯಬೇಕು ಎಂಬುದನ್ನು ಮಾತ್ರ ಯಾರೂ ಬರೆಸುವುದಿಲ್ಲ. ಮೃತ್ಯುವಿನ ಹೆಸರಿನ ಪತ್ರದಲ್ಲಿ ಮೃತ್ಯುವಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಹತ್ತು ವರ್ಷದ ಮೇಲಾಯಿತು. ಹಿಂಗಾರಿ ಜೋಳ ಬಿತ್ತುವ ದಿನಗಳು. ಎಪ್ಪತ್ತೆಂಟು ವಯಸ್ಸಿನ ಅಪ್ಪ ಹೊಲದ ಬದುವಿನ ಮೇಲೆ ಕುಸಿದು ಬಿದ್ದ. ಲಕ್ವಾ ಹೊಡೆದಿತ್ತು. ಗಾಡಿ ಮಾಡಿಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಒಯ್ದೆವು. ಮೂಗಿಗೆ ನಳಿಕೆ, ಗಂಟಲಿಗೆ ನಳಿಕೆ, ಎದೆಯ ಮೇಲೆ ತಂತಿಗಳು. ಗಾಜಿನ ಬಾಗಿಲಿನ ಆಚೆ ಅಪ್ಪ, ಈಚೆ ನಾವು. ಎಂಟನೆಯ ದಿನ ಡಾಕ್ಟರು ನಮ್ಮನ್ನು ಕರೆದು, ಮೆದುಳಿಗೆ ಬಹಳ ಪೆಟ್ಟಾಗಿದೆ, ಎಚ್ಚರ ಬರುವ ಆಸೆ ಕಡಿಮೆ, ಮುಂದೇನು ಮಾಡೋಣ ಎಂದು ಕೇಳಿದರು. ಅಣ್ಣ ಮನೆಗೆ ಒಯ್ಯೋಣ ಎಂದ. ಪುಣೆಯಿಂದ ಬಂದ ತಮ್ಮ, ಅಪ್ಪನನ್ನು ಕೈಯಾರೆ ಬಿಡುತ್ತೀಯಾ ಎಂದು ಅವನ ಮೇಲೆ ಹರಿಹಾಯ್ದ. ತಂಗಿ ಅಳುತ್ತಿದ್ದಳು. ನಾನು ‘ಇನ್ನೆರಡು ದಿನ ನೋಡೋಣ’ ಎಂದೆ. ಎರಡು ದಿನ ನೋಡೋಣ ಎನ್ನುತ್ತ ಹದಿನೇಳು ದಿನ ಕಳೆದವು. ಅಣ್ಣ ಒಂದು ಎಕರೆ ಹೊಲದ ಮೇಲೆ ಸಾಲ ಎತ್ತಿದ. ಅಪ್ಪ ಕಣ್ಣು ತೆರೆಯಲಿಲ್ಲ. ಹದಿನೇಳನೆಯ ರಾತ್ರಿ, ನಮ್ಮಲ್ಲಿ ಒಬ್ಬರೂ ಹತ್ತಿರ ಇಲ್ಲದ ಹೊತ್ತಿನಲ್ಲಿ ಜೀವ ಹೋಯಿತು.

ಮಣ್ಣು ಮಾಡಿ ಬಂದ ಮೂರನೆಯ ದಿನ ಅಣ್ಣನ ಹೆಂಡತಿ, ನಮ್ಮ ವೈನಿ, ಒಲೆಯ ಮುಂದೆ ಕುಳಿತು ಒಂದು ಮಾತು ಹೇಳಿದಳು. ಹನ್ನೆರಡು ವರ್ಷ ಅಪ್ಪನಿಗೆ ರೊಟ್ಟಿ ಬಡಿದು ಹಾಕಿದವಳು ಅವಳು. ‘ಹೋದ ಕಾರಹುಣ್ಣಿವಿ ದಿನ ಹೋಳಿಗಿ ನೀಡ್ಬೇಕಾದ್ರ ಮಾವಾರು ನನಗ ಅಂದಿದ್ರು. ನನ್ನ ಜೀವ ದವಾಖಾನ್ಯಾಗ ಹೋಗಬಾರದವ್ವಾ, ನಮ್ಮ ಪಡಸಾಲ್ಯಾಗ ಹೋಗ್ಬೇಕು, ಎತ್ತಿನ ಗೆಜ್ಜಿ ಸಪ್ಪಳ ಕೇಳ್ಕೋಂತ ಹೋಗ್ಬೇಕು ಅಂತ.’

‘ಮತ್ತ ಅವತ್ತೇ ಯಾಕ ಹೇಳ್ಲಿಲ್ಲ ವೈನಿ?’ ಎಂದು ಕೇಳಿದೆ.

‘ನಾ ಸೊಸಿ. ಮನಿಗೆ ತರ್ರಿ ಅಂತ ನಾ ಹೆಂಗ ಹೇಳ್ಲಿ? ಖರ್ಚಿಗೆ ಅಂಜಿ ಹೇಳ್ತಾಳ ಅಂತಿದ್ರಿ. ನನ್ನ ಯಾರಾದ್ರೂ ಕೇಳಿದ್ರೇನು?’

ಯಾರೂ ಕೇಳಿರಲಿಲ್ಲ. ಆ್ಯಂಬುಲೆನ್ಸ್ ಅಂಗಳಕ್ಕೆ ಬಂದು ನಿಂತಾಗ ಎತ್ತುಗಳು ಗೋದಲಿಯಲ್ಲಿ ಮೇವು ತಿನ್ನುತ್ತಿದ್ದವು, ಗೆಜ್ಜೆಯ ಸಪ್ಪಳ ಬರುತ್ತಿತ್ತು. ಅದನ್ನು ಕೇಳಬೇಕಾದ ಕಿವಿ ಮಾತ್ರ ತಣ್ಣಗಾಗಿತ್ತು.

ಆ ಸಪ್ಪಳ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅಪ್ಪ ಹೇಳದೆ ಹೋದ ಮನುಷ್ಯನಲ್ಲ. ಹೇಳಿದ್ದ. ನಾಲ್ಕು ಮಂದಿಯ ಎದುರು ಬಾಯಿ ತೆಗೆಯಲು ಅಧಿಕಾರವಿಲ್ಲದವಳ ಹತ್ತಿರ ಹೇಳಿದ್ದ. ಹಾಗಾಗಿ ಆ ಮಾತು ಅಡುಗೆಮನೆಯಲ್ಲೇ ಉಳಿಯಿತು. ಇದರಿಂದ ನಾನು ಕಲಿತ ಪಾಠ ಇಷ್ಟು. ಕೊನೆಗಾಲದ ಇಚ್ಛೆಯನ್ನು ಹೇಳಬೇಕು, ಎಲ್ಲರೂ ಕೇಳುವಂತೆ ಹೇಳಬೇಕು, ಕಾಗದದ ಮೇಲೆ ಬರೆಯಬೇಕು, ನನ್ನ ಪರವಾಗಿ ಮಾತಾಡುವವರು ಇಂಥವರು ಎಂದು ಹೆಸರಿಸಬೇಕು. ಇದರಲ್ಲಿ ಒಂದು ತಪ್ಪಿದರೂ ಉಳಿದದ್ದು ನಿಲ್ಲುವುದಿಲ್ಲ.

ಹೀಗೆ ಮಾಡಿ ತೋರಿಸಿದವರು ನಮ್ಮ ಕಣ್ಣೆದುರೇ ಇದ್ದರು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಕೇಳದ ಊರು ನಮ್ಮ ಭಾಗದಲ್ಲಿ ಕಡಿಮೆ. ಅವರು 2014ರ ಗುರುಪೂರ್ಣಿಮೆಯಂದು ‘ಅಂತಿಮ ಅಭಿವಂದನ ಪತ್ರ’ ಬರೆದಿಟ್ಟರು. ದೇಹವನ್ನು ಭೂಮಿಯಲ್ಲಿ ಇಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧ ವಿಧಿಗಳು ಬೇಡ, ಚಿತಾಭಸ್ಮವನ್ನು ನದಿಗೋ ಸಮುದ್ರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅದರ ತಾತ್ಪರ್ಯ. ಬರೆದದ್ದು ಓಡಾಡಿಕೊಂಡು ಪ್ರವಚನ ಹೇಳುತ್ತಿದ್ದ ದಿನಗಳಲ್ಲಿ. ಅವರು ಲಿಂಗೈಕ್ಯರಾದದ್ದು ಎಂಟು ವರ್ಷಗಳ ಮೇಲೆ, 2023ರ ಜನವರಿ 2ರಂದು. ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಬರಬೇಕೆಂದು ದೊಡ್ಡ ದೊಡ್ಡವರು ಕೈಮುಗಿದರೂ ಅವರು ಒಪ್ಪಲಿಲ್ಲ, ಆಶ್ರಮದಲ್ಲೇ ಉಳಿದರು.

ಆ ಪತ್ರ ಇಲ್ಲದಿದ್ದರೆ ಏನಾಗುತ್ತಿತ್ತು, ಒಂದು ಕ್ಷಣ ಯೋಚಿಸಿ. ಮಠದ ಸ್ವಾಮಿಗಳನ್ನು ಸಮಾಧಿ ಮಾಡುವುದು, ಗದ್ದಿಗೆ ಕಟ್ಟುವುದು ನಮ್ಮ ಕಡೆಯ ತಲತಲಾಂತರದ ರೂಢಿ. ಲಕ್ಷಗಟ್ಟಲೆ ಭಕ್ತರಿಗೆ ಲಕ್ಷಗಟ್ಟಲೆ ಮನಸ್ಸು. ಗದ್ದಿಗೆ ನಮ್ಮೂರಲ್ಲಾಗಲಿ, ನಿಮ್ಮೂರಲ್ಲಾಗಲಿ ಎಂಬ ಜಗ್ಗಾಟಕ್ಕೆ ಎಷ್ಟು ಹೊತ್ತು? ಅಂಥದ್ದೇನೂ ನಡೆಯಲಿಲ್ಲ. ಮರುದಿನ ಜನವರಿ 3ರಂದು ಆಶ್ರಮದ ಆವರಣದಲ್ಲೇ ಅಗ್ನಿಸಂಸ್ಕಾರವಾಯಿತು. ಅಳುತ್ತ ನಿಂತ ಅಷ್ಟೂ ಜನ ಪತ್ರದಲ್ಲಿ ಇದ್ದಂತೆ ನಡೆದುಕೊಂಡರು. ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ಗಾದೆಯನ್ನು ನಾವೆಲ್ಲ ಹೇಳುತ್ತೇವೆ. ಆ ಗುಣದಲ್ಲಿ ಇದೂ ಒಂದು: ತನ್ನ ಹಿಂದೆ ಉಳಿಯುವವರಿಗೆ ಗೊಂದಲ ಬಿಟ್ಟುಹೋಗದಿರುವುದು.

ಅವರು ಸಂತರು, ನಾವು ಸಂಸಾರಿಗಳು ಎನ್ನಬಹುದು. ಹಾಗಾದರೆ ನಮ್ಮ ಜಿಲ್ಲೆಯ ಬೈಲಹೊಂಗಲದ ಒಂದು ಮನೆಯ ಮಾತು ಕೇಳಿ. ಡಾ. ಬಸವಣ್ಣೆಪ್ಪ ರಾಮಣ್ಣವರ ಎಂಬ ವೈದ್ಯರು ತಮ್ಮ ದೇಹ ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆ ಸಲ್ಲಬೇಕು, ಅದನ್ನು ಮಗನೇ ಛೇದನ ಮಾಡಿ ಪಾಠ ಹೇಳಬೇಕು ಎಂದು ಬಯಸಿದ್ದರು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಶರೀರ ರಚನಾಶಾಸ್ತ್ರ ಕಲಿಸುವವರು. 2008ರಲ್ಲಿ ತಂದೆ ತೀರಿಕೊಂಡರು. 2010ರ ನವೆಂಬರಿನಲ್ಲಿ ಮಗ ವಿದ್ಯಾರ್ಥಿಗಳ ಎದುರು ನಿಂತು ತಂದೆಯ ಇಚ್ಛೆಯನ್ನು ನಡೆಸಿಕೊಟ್ಟರು. ಆ ಕತ್ತಿ ಹಿಡಿದ ಕೈಗೆ ಬಲ ಬಂದದ್ದು ತಂದೆಯ ಸ್ಪಷ್ಟವಾದ ಮಾತಿನಿಂದ. ತಂದೆ ಬಾಯಿಬಿಟ್ಟು ಹೇಳದಿದ್ದರೆ ಯಾವ ಮಗ ಅಂಥ ಕೆಲಸಕ್ಕೆ ಮನಸ್ಸು ಮಾಡಿಯಾನು?

ಇನ್ನು ಹೇಳದೇ ಉಳಿದ ಮಾತಿನ ಕಥೆ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೊಬ್ಬ ಅವಳ ಕೊರಳಿಗೆ ನಾಯಿಯ ಸರಪಳಿ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ರಕ್ತ ನಿಂತಿತು. ಆಗ ಅವಳಿಗೆ 25 ವರ್ಷ. ಅಲ್ಲಿಂದ 2015ರ ಮೇ 18ರವರೆಗೆ, ನಲವತ್ತೊಂದು ವರ್ಷಕ್ಕೂ ಮಿಕ್ಕಿ, ಅದೇ ಆಸ್ಪತ್ರೆಯ ಮಂಚದ ಮೇಲೆ ಮಾತಿಲ್ಲದೆ ಉಳಿದಳು. ಅಲ್ಲಿಯ ನರ್ಸುಗಳು ತಲೆಮಾರಿನಿಂದ ತಲೆಮಾರಿಗೆ ಅವಳನ್ನು ಮಗುವಿನಂತೆ ನೋಡಿಕೊಂಡರು. ಲೇಖಕಿ ಪಿಂಕಿ ವಿರಾನಿ ಅವಳನ್ನು ಬಿಡುಗಡೆ ಮಾಡಿರೆಂದು ಸುಪ್ರೀಂ ಕೋರ್ಟಿಗೆ ಹೋದರು, ಆಸ್ಪತ್ರೆಯವರು ಬೇಡವೆಂದರು. 2011ರ ಮಾರ್ಚ್ 7ರಂದು ಕೋರ್ಟು ಆಸ್ಪತ್ರೆಯವರ ಮಾತನ್ನೇ ಎತ್ತಿಹಿಡಿಯಿತು. ಇಬ್ಬರಿಗೂ ಅವಳ ಮೇಲೆ ಕರುಣೆಯಿತ್ತು. ಆದರೆ ಅರುಣಾಳಿಗೆ ಏನು ಬೇಕಿತ್ತು? ಅದು ಯಾರಿಗೂ ತಿಳಿಯಲಿಲ್ಲ. ಇಪ್ಪತ್ತೈದರ ಹುಡುಗಿ ಅದನ್ನೆಲ್ಲ ಯಾಕೆ ಯೋಚಿಸಿದ್ದಾಳು? ಇದು ಮುದುಕರ ವಿಷಯವಷ್ಟೇ ಅಲ್ಲ ಎಂಬುದಕ್ಕೆ ಅವಳ ಬದುಕಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅವಳ ಬದುಕು ಎತ್ತಿದ ಪ್ರಶ್ನೆ ಆ ತೀರ್ಪಿಗೇ ನಿಲ್ಲಲಿಲ್ಲ. ‘ಕಾಮನ್ ಕಾಸ್’ ಎಂಬ ಸಂಸ್ಥೆಯ ಅರ್ಜಿಯ ಮೇಲೆ 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿ ಕೊಟ್ಟ ಜೀವದ ಹಕ್ಕಿನ ಭಾಗ ಎಂದಿತು. ಬುದ್ಧಿ ನೆಟ್ಟಗಿರುವಾಗಲೇ ತನ್ನ ಚಿಕಿತ್ಸೆಯ ಬಗ್ಗೆ ಬರೆದಿಡಲು ಅನುಮತಿ ಕೊಟ್ಟಿತು. ಇದನ್ನು ಲಿವಿಂಗ್ ವಿಲ್ ಎನ್ನುತ್ತಾರೆ, ಮುಂಗಡ ವೈದ್ಯಕೀಯ ನಿರ್ದೇಶನ ಎಂದೂ ಹೇಳುತ್ತಾರೆ. ನಮ್ಮ ಮಾತಿನಲ್ಲಿ ಜೀವದ ಮೃತ್ಯುಪತ್ರ ಎನ್ನೋಣ. ಮೊದಲು ಇದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿ 24ರಂದು ಕೋರ್ಟು ಅದನ್ನು ಸಡಿಲಿಸಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಘನತೆಯ ಸಾವಿನ ಹಕ್ಕಿಗಾಗಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪಟ್ಟು ಬಿಡದೆ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರನ್ನು ಇಲ್ಲಿ ನೆನೆಯಬೇಕು.

ಇದನ್ನು ಮಾಡುವುದು ಹೇಗೆ? ಹದಿನೆಂಟು ವರ್ಷ ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರಾದರೂ ಬರೆಯಬಹುದು. ಯಾರ ಒತ್ತಾಯವೂ ಇರಬಾರದು. ವಾಸಿಯಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ, ಅಥವಾ ಯಾವುದನ್ನು ನಿಲ್ಲಿಸಬೇಕು ಎಂದು ಬಿಡಿಸಿ ಬರೆಯಬೇಕು. ನನಗೆ ಮಾತು ನಿಂತಾಗ ನನ್ನ ಪರವಾಗಿ ತೀರ್ಮಾನ ಹೇಳುವವರು ಇಂಥವರು ಎಂದು ಹೆಸರು ಬರೆಯಬೇಕು. ಇಬ್ಬರ ಹೆಸರು ಬರೆದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಒಂದು ಪ್ರತಿ ಹೆಸರಿಸಿದವರ ಕೈಗೆ, ಒಂದು ಮನೆಯ ಡಾಕ್ಟರಿಗೆ, ಒಂದು ನಮ್ಮ ಪಂಚಾಯಿತಿಗೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲೇ ತಿದ್ದಬಹುದು, ರದ್ದು ಮಾಡಬಹುದು.

ಅಂಜಿಕೆ ಇರುವವರು ಇನ್ನೊಂದು ಮಾತು ತಿಳಿದುಕೊಳ್ಳಬೇಕು. ಕಾಗದ ಬರೆದ ಕೂಡಲೇ ಯಾರೂ ಚಿಕಿತ್ಸೆ ನಿಲ್ಲಿಸುವುದಿಲ್ಲ. ಜ್ವರ ಬಂದರೆ, ಎಲುಬು ಮುರಿದರೆ, ವಾಸಿಯಾಗುವ ರೋಗಕ್ಕೆ ನಾಲ್ಕು ದಿನ ವೆಂಟಿಲೇಟರ್ ಬೇಕಾದರೆ ಆ ಚಿಕಿತ್ಸೆ ನಡೆದೇ ನಡೆಯುತ್ತದೆ. ರೋಗಿಗೆ ಮಾತಾಡುವ ಶಕ್ತಿ ಇಲ್ಲದಾಗ ಮಾತ್ರ ಈ ಕಾಗದ ಹೊರಗೆ ಬರುವುದು. ಆಗಲೂ ಚಿಕಿತ್ಸೆ ಕೊಡುವ ವೈದ್ಯರು, ಜೊತೆಗೆ ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರು ಸೇರಿದ ಮಂಡಳಿ ನೋಡಬೇಕು. ಅವರು ಒಪ್ಪಿದ ಮೇಲೆ ಮೂವರ ಎರಡನೆಯ ಮಂಡಳಿ ನೋಡಬೇಕು. ಅದರಲ್ಲಿ ಒಬ್ಬರು ಜಿಲ್ಲೆಯ ಆರೋಗ್ಯಾಧಿಕಾರಿ ಹೆಸರಿಸಿದ ವೈದ್ಯರು. ಎರಡೂ ಮಂಡಳಿಗಳು ಆದಷ್ಟು ಮಟ್ಟಿಗೆ ನಲವತ್ತೆಂಟು ತಾಸಿನೊಳಗೆ ಅಭಿಪ್ರಾಯ ಹೇಳಬೇಕು. ಕಾಗದದಲ್ಲಿ ಹೆಸರಿಸಿದವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸಾಯಲು ಸೂಜಿ ಚುಚ್ಚುವುದಕ್ಕೆ ಈ ದೇಶದ ಕಾನೂನಿನಲ್ಲಿ ಜಾಗವಿಲ್ಲ. ನೋವು ತಗ್ಗಿಸುವ ಔಷಧ ಮತ್ತು ಆರೈಕೆ ಕೊನೆಯ ಉಸಿರಿನವರೆಗೂ ನಡೆಯಬೇಕು. ಬೆಂಗಳೂರಿನ ‘ಕರುಣಾಶ್ರಯ’ದಲ್ಲಿ ವಾಸಿಯಾಗದ ಕ್ಯಾನ್ಸರ್ ರೋಗಿಗಳಿಗೆ ಹಣ ತೆಗೆದುಕೊಳ್ಳದೆ ಇಂಥ ಆರೈಕೆ ನಡೆಯುತ್ತಿದೆ. ಯಂತ್ರ ತೆಗೆದರೂ ಕೈ ಹಿಡಿದು ಕೂರುವುದನ್ನು ಬಿಡಬೇಕಾಗಿಲ್ಲ.

ಸಾವಿಗೆ ಸಿದ್ಧತೆ ಮಾಡುವುದು ನಮ್ಮ ಪದ್ಧತಿಯಲ್ಲ ಎಂದು ಹೇಳುವವರಿದ್ದಾರೆ. ಹಾಗೇನಿಲ್ಲ. ಚಿಕ್ಕೋಡಿ ಭಾಗದ ಭೋಜದಲ್ಲಿ ಬೆಳೆದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಜೈನರ ಉಪವಾಸ ವ್ರತವಾದ ಸಲ್ಲೇಖನ ಕೈಗೊಂಡು, ಎಲ್ಲರಿಗೂ ತಿಳಿಸಿ, ಸೆಪ್ಟೆಂಬರ್ 18ರಂದು ದೇಹ ಬಿಟ್ಟರು. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಅಂಥ ಸಾವುಗಳ ಶಾಸನಗಳು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಇವೆ. ಆ ಕಠಿಣ ವ್ರತ ಸಂಸಾರಿಗಳಾದ ನಮಗಲ್ಲ. ಆದರೆ ಈ ನೆಲದ ಹಿರಿಯರು ಸಾವನ್ನು ಹೆಸರಿಟ್ಟು ಕರೆದವರು, ಬಂಧುಬಳಗಕ್ಕೆ ತಿಳಿಸಿಯೇ ಹೋದವರು. ಬಿಡ್ತು ಅನ್ನುವ ರೂಢಿ ಅವರದಲ್ಲ, ಅದು ನಮ್ಮ ಅಂಜಿಕೆಯಿಂದ ಬಂದದ್ದು.

ಇನ್ನು ಮನೆಯಲ್ಲಿ ಏನೇನು ಮಾತಾಡಬೇಕು? ಕೊನೆಯ ದಿನಗಳು ಎಲ್ಲಿ ಕಳೆಯಬೇಕು, ಮನೆಯಲ್ಲೋ ದವಾಖಾನೆಯಲ್ಲೋ. ಎಷ್ಟರ ಮಟ್ಟಿಗೆ ಚಿಕಿತ್ಸೆ. ಯಾರ ಮಾತು ಕೊನೆಯ ಮಾತು. ಮಣ್ಣೋ, ಅಗ್ನಿಯೋ, ದೇಹದಾನವೋ. ದಿನಕರ್ಮಕ್ಕೆ ಎಷ್ಟು ಖರ್ಚು. ಸೊಸೈಟಿ ಸಾಲ, ಕೈಗಡ, ಬ್ಯಾಂಕಿನ ಪುಸ್ತಕ ಎಲ್ಲಿವೆ. ಕಣ್ಣುದಾನದ ಮನಸ್ಸಿದ್ದರೆ ಅದನ್ನು ಮನೆಯವರೆಲ್ಲರಿಗೂ ಹೇಳಿರಬೇಕು, ಏಕೆಂದರೆ ಜೀವ ಹೋದ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯತನಕ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಕೊಡಬೇಕು. ಡಾ. ರಾಜ್‌ಕುಮಾರ್ ಕುಟುಂಬ 2006ರಲ್ಲಿ ಅವರ ಕಣ್ಣುಗಳನ್ನೂ, 2021ರಲ್ಲಿ ಪುನೀತ್ ಅವರ ಕಣ್ಣುಗಳನ್ನೂ ದಾನ ಮಾಡಿತು. ಆ ದುಃಖದ ಹೊತ್ತಿನಲ್ಲೂ ಅದು ನಡೆದದ್ದು ಮನೆಯವರಿಗೆ ಮೊದಲೇ ಗೊತ್ತಿದ್ದುದರಿಂದ.

ನಮ್ಮ ಅವ್ವನ ಜೊತೆ ಈ ಮಾತು ತೆಗೆಯಲು ನನಗೆ ಬಹಳ ದಿನ ಹಿಡಿಯಿತು. ಒಂದು ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಕಾಲು ಚಾಚಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕುಳಿತು, ‘ಅವ್ವಾ, ಅಪ್ಪಗ ಆದಂಗ ನಿನಗ ಆಗಬಾರದು. ನಿನ್ನ ಮನಸಿನ್ಯಾಗ ಏನೈತಿ ಹೇಳು’ ಎಂದೆ. ಮೊರ ನಿಂತಿತು. ಬಯ್ಯುತ್ತಾಳೆ ಎಂದುಕೊಂಡೆ. ಅವಳು ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದು ಅಂದಳು: ‘ಚೊಲೋ ಆತು ಕೇಳಿದಿ. ಯಾರ ಮುಂದ ಹೇಳ್ಲಿ ಅಂತ ನಾನೂ ಹಾದಿ ನೋಡ್ತಿದ್ದೆ.’

ಆಮೇಲೆ ಒಂದೊಂದಾಗಿ ಹೇಳಿದಳು. ‘ಆರಾಮ ಆಗೂ ಹಂಗಿದ್ರ ಎಲ್ಲಿಗಾದ್ರೂ ಒಯ್ರಿ. ಆಗೂದಿಲ್ಲ ಅಂದ್ರ ಮನಿಗೆ ತರ್ರಿ. ಮೂಗಿನ್ಯಾಗ ನಳಿಕಿ ಹಾಕಬ್ಯಾಡ್ರಿ, ನೋವಿಗೆ ಔಷಧ ಕೊಡ್ರಿ. ಮಗಳು ಬಂದ ಮ್ಯಾಲ ಮಣ್ಣ ಮಾಡ್ರಿ. ದಿನಕ್ಕ ಸಾಲಾ ಮಾಡಿ ಊರಿಗೆ ಊಟ ಹಾಕಬ್ಯಾಡ್ರಿ.’ ನಿನ್ನ ಪರವಾಗಿ ಮಾತು ಯಾರು ಹೇಳಬೇಕು ಎಂದು ಕೇಳಿದೆ. ಮೂವರು ಗಂಡುಮಕ್ಕಳಲ್ಲಿ ಯಾರ ಹೆಸರು ಬರುತ್ತದೋ ಎಂದು ಕಾಯುತ್ತಿದ್ದೆ. ಅವಳು ಅಡುಗೆಮನೆಯ ಕಡೆ ಕೈ ತೋರಿಸಿ, ‘ಹಿರೇ ಸೊಸಿ. ನನ್ನ ಮೈ ಬಲ್ಲಾಕಿ ಆಕಿ’ ಎಂದಳು. ಬಾಗಿಲಲ್ಲಿ ನಿಂತಿದ್ದ ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವ್ವ ಹೇಳಿದ್ದನ್ನೆಲ್ಲ ಬರೆದು, ಮಕ್ಕಳೆಲ್ಲ ಕೂಡಿದ ದಿನ ಓದಿ ಹೇಳಿ, ಇಬ್ಬರು ಸಾಕ್ಷಿಗಳ ಎದುರು ಅವಳ ಸಹಿ ಹಾಕಿಸಿ, ಗೋಕಾಕದಲ್ಲಿ ನೋಟರಿ ಮಾಡಿಸಿದೆವು. ಪುಣೆಯ ತಮ್ಮನೂ ತಕರಾರು ಮಾಡಲಿಲ್ಲ. ಅವ್ವನ ಮಾತು ಅವ್ವನ ಬಾಯಿಂದಲೇ ಬಂದ ಮೇಲೆ ತಕರಾರಿಗೆ ಎಲ್ಲಿ ಜಾಗ? ಆ ಕಾಗದ ಈಗ ಟ್ರಂಕಿನಲ್ಲಿ ಹೊಲದ ಉತಾರದ ಜೊತೆಗೆ ಇದೆ. ಅವ್ವ ಇನ್ನೂ ಜೋಳ ಹಸನು ಮಾಡುತ್ತಾಳೆ. ಸಾವಿನ ಮಾತಾಡಿದರೆ ಸಾವು ಬರುತ್ತದೆ ಎನ್ನುವವರು ಬಂದು ಅವಳನ್ನು ನೋಡಲಿ.

ಹಿರಿಯರಲ್ಲಿ ನನ್ನ ಕೈಮುಗಿದ ಬಿನ್ನಹ: ಮಕ್ಕಳು ಕೇಳಲಿ ಎಂದು ಕಾಯಬೇಡಿ, ಅವರಿಗೆ ಬಾಯಿ ಬರುವುದಿಲ್ಲ, ನೀವೇ ಹೇಳಿ. ಮಕ್ಕಳಲ್ಲಿ ಬಿನ್ನಹ: ಬಿಡ್ತು ಅನ್ನಬೇಡಿ, ಹತ್ತಿರ ಕೂತು ಕೇಳಿ, ಬರೆದುಕೊಳ್ಳಿ. ಆ ಮಾತು ನಡೆಯುವಾಗ ಮನೆಯ ಸೊಸೆಯನ್ನು ಒಳಗೆ ಕಳಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಇವತ್ತು ರಾತ್ರಿ ಊಟವಾದ ಮೇಲೆ ಅರ್ಧ ತಾಸು ಇದಕ್ಕೆ ಕೊಡಿ.